ಅಂಗಡಿಯ ಹಿಟ್ಟು, ಹಣ್ಣಿನ ಹೂರಣ: ನವರಾತ್ರಿ–ದೀಪಾವಳಿ ಹೊತ್ತಿನ ಸುಲಭ ಸಿಹಿಗಳಿಗೆ ಕರಾವಳಿಯ ಸಮಗ್ರ ಮಾರ್ಗದರ್ಶಿ

ಪಫ್ ಪೇಸ್ಟ್ರಿ (ಬೇಕರಿಯ ಪಫ್ಸಿಗೆ ಬಳಸುವ ಪದರ ಪದರದ ಹಿಟ್ಟು) ಹಾಳೆಯನ್ನು ಫ್ರೀಜರಿನಿಂದ ತೆಗೆದು 40 ನಿಮಿಷ ಹೊರಗಿಡಿ ಎಂದು ಹೆಚ್ಚಿನ ಪಾಕವಿಧಾನಗಳು ಹೇಳುತ್ತವೆ. ಅದು 20 ಡಿಗ್ರಿಯ ಅಡುಗೆಮನೆಯ ಲೆಕ್ಕ. ಅಕ್ಟೋಬರಿನ ಮಧ್ಯಾಹ್ನ ಮಂಗಳೂರಿನಲ್ಲಿ 30 ಡಿಗ್ರಿ ಸೆಕೆ, ಜತೆಗೆ ಮಳೆ ಬಿಟ್ಟರೂ ಬಿಡದ ಪಸೆ. ಇಲ್ಲಿ 40 ನಿಮಿಷ ಕಳೆದರೆ ಹಾಳೆ ಕೈಗೆ ಮೆತ್ತಿಕೊಳ್ಳುತ್ತದೆ, ಮಡಚಿದಲ್ಲಿ ಹರಿಯುತ್ತದೆ, ಓವನ್ನಿಗೆ ಹೋದ ಮೇಲೆ ಉಬ್ಬುವ ಬದಲು ಎಣ್ಣೆ ಬಿಟ್ಟು ಚಪ್ಪಟೆಯಾಗಿ ಮಲಗುತ್ತದೆ.

ಅಂಗಡಿಯ ಹಿಟ್ಟಿನಿಂದ ಹಣ್ಣಿನ ಸಿಹಿ ಮಾಡುವುದು ನಿಜಕ್ಕೂ ಸುಲಭ. ಕಲಸುವುದು, ನಾದುವುದು, ಪದರ ಮಡಚುವುದು ಎಲ್ಲ ಬೇರೆಯವರು ಮಾಡಿಟ್ಟಿರುತ್ತಾರೆ. ನಮಗೆ ಉಳಿಯುವ ಕೆಲಸ ಎರಡೇ. ಹಿಟ್ಟಿನೊಳಗಿನ ಕೊಬ್ಬು ಓವನ್ ಸೇರುವ ತನಕ ಗಟ್ಟಿಯಾಗಿ ಇರಬೇಕು. ಹಣ್ಣಿನೊಳಗಿನ ನೀರು ಹಿಟ್ಟಿಗೆ ತಾಗುವ ಮೊದಲೇ ಹೋಗಿರಬೇಕು. ಕೆಟ್ಟುಹೋದ ಟರ್ನೋವರ್ (ಹೂರಣ ತುಂಬಿ ಮಡಚಿ ಬೇಯಿಸಿದ ಪಫ್), ಒದ್ದೆ ತಳದ ಟಾರ್ಟ್ (ಮೇಲೆ ಹೂರಣ ಹರವಿದ ತೆರೆದ ಪೇಸ್ಟ್ರಿ), ಎಣ್ಣೆಯಲ್ಲಿ ಬಾಯಿಬಿಟ್ಟ ಸಮೋಸ ಯಾವುದನ್ನೇ ತೆಗೆದುಕೊಳ್ಳಿ, ಹುಡುಕಿದರೆ ಕಾರಣ ಈ ಎರಡರಲ್ಲಿ ಒಂದಾಗಿರುತ್ತದೆ.

ಯಾವ ಹಿಟ್ಟು ತರುವುದು

ಮಂಗಳೂರು, ಉಡುಪಿ, ಮಣಿಪಾಲದ ದೊಡ್ಡ ಸೂಪರ್ ಮಾರ್ಕೆಟುಗಳ ಫ್ರೀಜರಿನಲ್ಲಿ ನಮ್ಮ ಕೆಲಸಕ್ಕೆ ಬರುವುದು ಪಫ್ ಪೇಸ್ಟ್ರಿ, ಸಮೋಸ ಪಟ್ಟಿ (ಸಮೋಸ ಸುತ್ತುವ ತೆಳು ಹಿಟ್ಟಿನ ಪಟ್ಟಿ) ಮತ್ತು ಅರೆಬೆಂದ ಮಲಬಾರ್ ಪರೋಟ. ಓವನ್ ಇದ್ದರೆ ಪಫ್. ಬಾಣಲೆ ಮಾತ್ರ ಇದ್ದರೆ ಪಟ್ಟಿ. ಕಾವಲಿಯಲ್ಲೇ ಮುಗಿಸಬೇಕಾದರೆ ಪರೋಟ.

ಪಫ್ ಕೊಳ್ಳುವಾಗ ಪ್ಯಾಕೆಟ್ ತಿರುಗಿಸಿ ಒಳಗಿನ ಕೊಬ್ಬು ಯಾವುದೆಂದು ಓದಿ. ಬೆಣ್ಣೆ 32–35 ಡಿಗ್ರಿಗೆ ಕರಗುತ್ತದೆ. ಪೇಸ್ಟ್ರಿಗೆಂದೇ ಮಾಡಿದ ಮಾರ್ಗರಿನ್ ಅದಕ್ಕಿಂತ ಹೆಚ್ಚಿನ ಶಾಖ ತಡೆಯುತ್ತದೆ. ರುಚಿಯಲ್ಲಿ ಬೆಣ್ಣೆಯದ್ದಕ್ಕೆ ಸಾಟಿಯಿಲ್ಲ, ನಮ್ಮ ಸೆಕೆಯಲ್ಲಿ ಕೈಗೆ ಬಗ್ಗುವುದು ಮಾರ್ಗರಿನ್ನಿನದ್ದು. ಮೊದಲ ಬಾರಿ ಮಾಡುವವರು ಮಾರ್ಗರಿನ್ನಿನದ್ದನ್ನೇ ತನ್ನಿ. ಒಂದು ಮಾತು ನೆನಪಿರಲಿ: ಅದು ತಣ್ಣಗಾದ ಮೇಲೆ ತಿಂದರೆ ಅಂಗುಳಕ್ಕೆ ಮೇಣದಂತೆ ಅಂಟುತ್ತದೆ, ಆದ್ದರಿಂದ ಬೆಚ್ಚಗಿರುವಾಗಲೇ ಬಡಿಸಬೇಕು. ಪಫ್ಸ್ ಮಾಡುವ ಬೇಕರಿಯವರ ಪರಿಚಯವಿದ್ದರೆ ಹಸಿ ಹಿಟ್ಟನ್ನು ತೂಕಕ್ಕೆ ಕೊಡುತ್ತಾರೋ ಕೇಳಿ ನೋಡಬಹುದು. ಸಿಕ್ಕಿದರೆ ಅದನ್ನು 3 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಲಟ್ಟಣಿಗೆಯನ್ನು ಒಂದು ದಿಕ್ಕಿಗೆ ಉರುಳಿಸಿ, ಹಾಳೆ ತಿರುಗಿಸಿ, ಮತ್ತೆ ಉರುಳಿಸಿ. ಅಂಚಿನ ಮೇಲೆ ಒತ್ತಿ ಉರುಳಿಸಿದರೆ ಪದರಗಳು ಅಲ್ಲೇ ಒಂದಕ್ಕೊಂದು ಅಂಟಿ ಆ ಬದಿ ಉಬ್ಬುವುದಿಲ್ಲ.

ಪ್ಯಾಕೆಟನ್ನು ಹಿಡಿದು ಬಗ್ಗಿಸಿ ನೋಡಿ. ಒಳಗೆ ಹಿಮದ ಹರಳು ತುಂಬಿದ್ದರೆ, ಹಾಳೆಗಳು ಒಂದೇ ಗಡ್ಡೆಯಾಗಿದ್ದರೆ, ಒಂದು ಮೂಲೆ ದಪ್ಪ ಇನ್ನೊಂದು ಮೂಲೆ ತೆಳ್ಳಗಿದ್ದರೆ ಅದು ನಡುವೆ ಕರಗಿ ಮತ್ತೆ ಗಟ್ಟಿಯಾದದ್ದು. ಸಂಜೆ ಗುಡುಗು, ಹಿಂದೆಯೇ ಕರೆಂಟು ಹೋಗುವ ಹಿಂಗಾರಿನ ದಿನಗಳಲ್ಲಿ ಇದು ಅಪರೂಪವಲ್ಲ. ಅಂಥದ್ದನ್ನು ಎಷ್ಟೇ ರಿಯಾಯಿತಿಗೆ ಕೊಟ್ಟರೂ ತರಬೇಡಿ. ಹಾಳೆಯನ್ನು ಖರೀದಿಯ ಕೊನೆಗೆ ಎತ್ತಿಕೊಂಡು ನಾಲ್ಕು ಪದರ ನ್ಯೂಸ್‌ಪೇಪರಿನಲ್ಲಿ ಸುತ್ತಿ ತಂದರೆ ಅರ್ಧ ಗಂಟೆಯ ಬಸ್ ಪ್ರಯಾಣ ತಡೆದುಕೊಳ್ಳುತ್ತದೆ.

ಕರಗಿಸಲು ಸರಿಯಾದ ದಾರಿ: ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಿ. ಮರೆತಿದ್ದರೆ ಫ್ಯಾನ್ ಇಲ್ಲದ ಕಡೆ 10–15 ನಿಮಿಷ ಹೊರಗಿಟ್ಟು, ಬಗ್ಗಿಸಿದಾಗ ಬಿರುಕು ಬಿಡದಷ್ಟು ಮೆತ್ತಗಾದ ಕೂಡಲೇ ಕತ್ತರಿಸಿ. ಮುಟ್ಟಿದರೆ ತಣ್ಣಗಿರಬೇಕು, ಬೆರಳಿನ ಅಚ್ಚು ಮೂಡಬಾರದು. ನಡುವೆ ಮೆತ್ತಗಾಯಿತೆನಿಸಿದರೆ ಮರುಯೋಚನೆ ಮಾಡದೆ ತಟ್ಟೆಸಮೇತ ಫ್ರೀಜರಿಗೆ, 10 ನಿಮಿಷ. ಮೈದಾ ಉದುರಿಸಿ ಉದುರಿಸಿ ಸುಧಾರಿಸಲು ಹೋದರೆ ಹಿಟ್ಟು ಒಣಗಿ ಅಂಚು ಅಂಟುವುದೇ ಇಲ್ಲ.

ಈ ಹೊತ್ತಿನ ಹಣ್ಣು

ಆಗಸ್ಟಿನಿಂದ ಹಿಮಾಚಲದ ಸೇಬು, ಬೆನ್ನಿಗೇ ಕಾಶ್ಮೀರದ್ದು ಬರುತ್ತದೆ. ಗಾಡಿಗಳಲ್ಲಿ ರಾಶಿ ಕಾಣುವ ಕೆಂಪು ಡೆಲಿಷಸ್ ಬಗೆಯ ಸೇಬು ತಿನ್ನಲು ಚೆಂದ, ಬೇಯಿಸಲು ಪೆದ್ದು: ಹುಳಿ ಕಡಿಮೆ, ಬೆಂದರೆ ಹಿಟ್ಟಾಗುತ್ತದೆ. ಬೇರೇನೂ ಸಿಗದಿದ್ದರೆ ಅದನ್ನೇ ದಪ್ಪಗೆ ಹೆಚ್ಚಿ, ನಿಂಬೆರಸ ಜಾಸ್ತಿ ಹಾಕಿ, ಬೇಯಿಸುವ ಹೊತ್ತನ್ನು ಅರ್ಧಕ್ಕಿಳಿಸಿ. ಅಕ್ಟೋಬರಿನಲ್ಲಿ ಬರುವ ಕಿನ್ನೌರದ ಸೇಬು ಗಟ್ಟಿ, ಅದು ಸಿಕ್ಕಿದರೆ ಬಿಡಬೇಡಿ. ಹಸಿರು ಗ್ರ್ಯಾನಿ ಸ್ಮಿತ್ ದುಬಾರಿಯಾದರೂ ಆಕಾರವನ್ನೂ ಹುಳಿಯನ್ನೂ ಉಳಿಸಿಕೊಳ್ಳುತ್ತದೆ. ಮೂರು ಸೇಬಿನಲ್ಲಿ ಒಂದು ಹಸಿರು, ಎರಡು ಕೆಂಪು ಎಂಬ ಮಿಶ್ರಣ ಖರ್ಚಿಗೂ ರುಚಿಗೂ ಹೊಂದುತ್ತದೆ.

ಅನಾನಸು ಘಮಘಮಿಸಬೇಕು, ಆದರೆ ಬುಡ ಮೆತ್ತಗಾಗಿರಬಾರದು. ಬಾಳೆಹಣ್ಣಿನಲ್ಲಿ ಈ ಕೆಲಸಕ್ಕೆ ನೇಂದ್ರವೇ ಆಗಬೇಕು. ಕದಳಿ ಬಿಸಿಗೆ ನೀರಾಗುತ್ತದೆ, ಅದನ್ನು ಬನ್ಸಿಗೆ ಇಟ್ಟುಕೊಳ್ಳಿ. ಪೇರಳೆಯ ಬೀಜದ ತಿರುಳು ತೆಗೆದು ಹೊರಗಿನ ಗಟ್ಟಿ ಭಾಗವನ್ನಷ್ಟೇ ಬಳಸಿದರೆ ಸೇಬಿನ ಜಾಗದಲ್ಲಿ ಚೆನ್ನಾಗಿ ನಡೆಯುತ್ತದೆ. ಪಿಯರ್ಸ್ ಕೂಡ ಹಾಗೆಯೇ, ಕಾಯಿ ಇರುವಾಗಲೇ ತನ್ನಿ. ಚಿಕ್ಕು ಸುಮಾರು. ಸೀತಾಫಲವನ್ನು ಮಾತ್ರ ಒಲೆಗೆ ಹಾಕಬೇಡಿ, ಹೆಚ್ಚು ಬಿಸಿಗೆ ಕಹಿ ಬರುತ್ತದೆ. ಅದರ ತಿರುಳನ್ನು ತಣ್ಣನೆ ಕೆನೆಯೊಂದಿಗೆ ಕಲಸಿ ಪಕ್ಕಕ್ಕೆ ಬಡಿಸಿದರೆ ಅದರ ಮರ್ಯಾದೆ ಉಳಿಯುತ್ತದೆ.

ಮನೆಯಲ್ಲಿ ಬೇಸಿಗೆಯ ಹಲಸಿನ ಬೆರಟಿ ಡಬ್ಬದ ತಳದಲ್ಲಿ ಉಳಿದಿದ್ದರೆ ನಿಮ್ಮಷ್ಟು ಅದೃಷ್ಟವಂತರಿಲ್ಲ. ನೀರೆಲ್ಲ ಆರಿಸಿ ಕಾಯಿಸಿಟ್ಟ ಹೂರಣವದು, ಅಂಗಡಿಯ ಹಿಟ್ಟಿಗೆ ಅದಕ್ಕಿಂತ ತಕ್ಕದ್ದಿಲ್ಲ. 100 ಗ್ರಾಂ ಬೆರಟಿಗೆ ಒಂದು ಚಮಚ ತುಪ್ಪ, ಎರಡು ಚಮಚ ಬಿಸಿನೀರು ಹಾಕಿ ಸಣ್ಣ ಉರಿಯಲ್ಲಿ ಸಡಿಲಿಸಿ, ಮೂರು ಚಮಚ ಹುರಿದ ತೆಂಗಿನ ತುರಿ ಸೇರಿಸಿ. ಸಿಹಿ ಹೆಚ್ಚು, ಆದ್ದರಿಂದ ಒಂದು ಟರ್ನೋವರಿಗೆ ಒಂದು ಚಮಚ ಸಾಕು. ಮಾಂಬಳ (ಒಣಗಿಸಿದ ಮಾವಿನ ರಸದ ಹಾಳೆ) ಉಳಿದಿದ್ದರೆ ಕತ್ತರಿಯಿಂದ ಸಣ್ಣಗೆ ಕತ್ತರಿಸಿ ಸೇಬಿನ ಹೂರಣಕ್ಕೆ ಬೆರೆಸಿ. ಅದು ಹೆಚ್ಚಿನ ರಸ ಹೀರಿಕೊಂಡು ಮೆತ್ತಗಾಗುತ್ತದೆ, ಹುಳಿಯೂ ಸಿಗುತ್ತದೆ.

ಹಣ್ಣಿನ ನೀರು ತೆಗೆಯುವ ಕ್ರಮ

ಎಲ್ಲ ನಿಂತಿರುವುದು ಇಲ್ಲಿ. ಸೇಬಿನಲ್ಲಿ ಸುಮಾರು 85 ಶೇಕಡಾ ನೀರು, ಅನಾನಸಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಸಿ ಹಣ್ಣನ್ನು ಹಿಟ್ಟಿನೊಳಗೆ ಕಟ್ಟಿ ಓವನ್ನಿಗಿಟ್ಟರೆ ಮೇಲ್ಪದರ ಕಂದಾಗುವ ಮೊದಲೇ ಆ ನೀರು ಇಳಿದು ತಳವನ್ನು ಗಂಜಿ ಮಾಡುತ್ತದೆ. ಹೆಚ್ಚು ಹೊತ್ತು ಬೇಯಿಸಿದರೆ ಸರಿಹೋಗುತ್ತದೆ ಎಂದುಕೊಂಡರೆ ಮೇಲೆ ಕರಟುತ್ತದೆ, ಕೆಳಗೆ ಹಸಿಯಾಗಿಯೇ ಉಳಿಯುತ್ತದೆ.

ಹೆಚ್ಚಿದ ಹಣ್ಣಿಗೆ ಸಕ್ಕರೆ, ಒಂದು ಚಿಟಿಕೆ ಉಪ್ಪು ಬೆರೆಸಿ 20 ನಿಮಿಷ ಬಿಡಿ. ಸಕ್ಕರೆ ಒಳಗಿನ ರಸವನ್ನು ಎಳೆದು ಹೊರಗೆ ತರುತ್ತದೆ. ಜಾಲರಿಯಲ್ಲಿ ಸೋಸಿ, ಆ ರಸವನ್ನಷ್ಟೇ ಅಗಲ ಬಾಣಲೆಗೆ ಹಾಕಿ ಜೋರು ಉರಿಯಲ್ಲಿ ಜೇನಿನ ಹದಕ್ಕೆ ಕುದಿಸಿ. ಆಮೇಲೆ ಹಣ್ಣು ಹಾಕಿ. ಹಣ್ಣನ್ನೂ ರಸವನ್ನೂ ಒಟ್ಟಿಗೇ ಒಲೆಗಿಟ್ಟರೆ ರಸ ಆರುವಷ್ಟರಲ್ಲಿ ಹಣ್ಣು ಮುದ್ದೆಯಾಗಿರುತ್ತದೆ. ಬೇರೆ ಬೇರೆ ಮಾಡಿದರೆ ಹೋಳು ಹೋಳಾಗಿಯೇ ಇರುತ್ತದೆ. ಕಿರಿದಾದ ಪಾತ್ರೆ ಬೇಡ, ಅಗಲದ್ದೇ ಬೇಕು. ಆವಿ ಹೋಗುವುದು ಮೇಲ್ಮೈಯಿಂದ.

ಕೊನೆಗೆ ಕಾರ್ನ್‌ಫ್ಲೋರ್. ತಣ್ಣೀರಿನಲ್ಲಿ ಕದಡಿ ಹಾಕಿದ ಮೇಲೆ ಪೂರ್ತಿ ಒಂದು ನಿಮಿಷ ಗುಳ್ಳೆ ಬರುವಂತೆ ಕುದಿಯಬೇಕು, ಬಿಳಿಚಿದ್ದ ರಸ ಹೊಳಪಾಗಬೇಕು. ಗಟ್ಟಿಯಾಯಿತೆಂದು ಆತುರದಲ್ಲಿ ಇಳಿಸಿದರೆ ಹಸಿ ಹಿಟ್ಟಿನ ವಾಸನೆ ಉಳಿಯುತ್ತದೆ, ತಣ್ಣಗಾದ ಮೇಲೆ ನೀರೂ ಬಿಡುತ್ತದೆ. ಹುಳಿ ಇರುವಲ್ಲಿ ಹತ್ತು ನಿಮಿಷ ಕುದಿಸಿದರೂ ಕೆಡುತ್ತದೆ, ಹುಳಿ ಪಿಷ್ಟವನ್ನು ಒಡೆಯುತ್ತದೆ. ಆದ್ದರಿಂದ ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ.

ಹದ ತಿಳಿಯುವುದು ಹೀಗೆ: ಸೌಟಿನಿಂದ ಬಾಣಲೆಯ ತಳದಲ್ಲಿ ಒಂದು ಗೆರೆ ಎಳೆದರೆ ಅದು ಎರಡು–ಮೂರು ಸೆಕೆಂಡು ಕೂಡಬಾರದು. ಆರಿದ ಹೂರಣದ ತಟ್ಟೆಯನ್ನು ಓರೆ ಹಿಡಿದರೆ ರಸ ಹರಿಯಬಾರದು. ಹರಿದರೆ ಇನ್ನೆರಡು ನಿಮಿಷ ಕಾಯಿಸಿ, ಮುಲಾಜು ಬೇಡ.

ಹೂರಣವನ್ನು ಅಗಲ ಸ್ಟೀಲ್ ತಟ್ಟೆಯಲ್ಲಿ ಹರವಿ ಫ್ಯಾನಿನ ಕೆಳಗೆ ಅರ್ಧ ಗಂಟೆ, ನಂತರ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ. ಬಿಸಿಯಿರುವಾಗ ಮುಚ್ಚಳ ಹಾಕಿದರೆ ಆವಿ ಹನಿಯಾಗಿ ಮತ್ತೆ ಅದರೊಳಗೇ ಬೀಳುತ್ತದೆ. ಉಗುರುಬೆಚ್ಚಗಿನ ಹೂರಣ ಕೂಡ ಪಫ್ ಹಾಳೆಯ ಕೊಬ್ಬನ್ನು ಕರಗಿಸುವಷ್ಟು ಬಿಸಿಯೇ.

ಸೇಬಿನ ಟರ್ನೋವರ್, 8 ತುಂಡು

25 ಸೆಂಟಿಮೀಟರ್ ಚೌಕದ 2 ಪಫ್ ಹಾಳೆ. ಸೇಬು 500 ಗ್ರಾಂ (ಮಧ್ಯಮ ಗಾತ್ರದ ಮೂರು, ಸಿಪ್ಪೆ, ಬೀಜ ತೆಗೆದರೆ 400 ಗ್ರಾಂ ಉಳಿಯುತ್ತದೆ), ಸಕ್ಕರೆ 60 ಗ್ರಾಂ, ತುಪ್ಪ ಅಥವಾ ಬೆಣ್ಣೆ 15 ಗ್ರಾಂ, ದಾಲ್ಚಿನ್ನಿ ಪುಡಿ ಅರ್ಧ ಟೀ ಚಮಚ, ಕಾರ್ನ್‌ಫ್ಲೋರ್ 2 ಟೀ ಚಮಚ, ನಿಂಬೆರಸ 2 ಟೀ ಚಮಚ, ಉಪ್ಪು ಚಿಟಿಕೆ. ಮೇಲೆ ಸವರಲು ಹಾಲು 2 ಚಮಚ, ಅದರಲ್ಲಿ ಕದಡಲು ಅರ್ಧ ಚಮಚ ಸಕ್ಕರೆ.

ಸೇಬನ್ನು 1 ಸೆಂಟಿಮೀಟರ್ ಚೌಕಕ್ಕೆ ಹೆಚ್ಚಿ. ಇದಕ್ಕಿಂತ ಸಣ್ಣದಾದರೆ ಜಾಮ್ ಆಗುತ್ತದೆ, ದೊಡ್ಡದಾದರೆ ಮಡಚುವಾಗ ಹಾಳೆಯನ್ನು ಚುಚ್ಚುತ್ತದೆ. ಮೇಲೆ ಹೇಳಿದಂತೆ ರಸ ತೆಗೆದು ಕುದಿಸಿ, ತುಪ್ಪ ಮತ್ತು ಸೇಬು ಹಾಕಿ ಮಧ್ಯಮ ಉರಿಯಲ್ಲಿ 5–6 ನಿಮಿಷ ಬಾಡಿಸಿ. ಚಾಕುವಿನ ಮೊನೆ ಚುಚ್ಚಿದರೆ ಸ್ವಲ್ಪ ತಡೆದು ಇಳಿಯಬೇಕು. ಉಳಿದದ್ದು ಓವನ್ನಿನಲ್ಲಿ ಬೇಯುತ್ತದೆ. ದಾಲ್ಚಿನ್ನಿ, ಕದಡಿದ ಕಾರ್ನ್‌ಫ್ಲೋರ್ ಹಾಕಿ ಒಂದು ನಿಮಿಷ ಕುದಿಸಿ ಇಳಿಸಿ, ನಿಂಬೆ ಹಿಂಡಿ, ಹರವಿ ಆರಿಸಿ. ಸುಮಾರು 300 ಗ್ರಾಂ ಹೂರಣ ಸಿಗುತ್ತದೆ.

1. ತಣ್ಣಗಿನ ಹಾಳೆಯನ್ನು ನಾಲ್ಕು ಸಮ ಚೌಕವಾಗಿ ಕತ್ತರಿಸಿ. ಹರಿತ ಚಾಕುವನ್ನು ನೇರ ಕೆಳಗೆ ಒತ್ತಿ ಕತ್ತರಿಸಬೇಕು. ಎಳೆದು ಕೊಯ್ದರೆ ಅಂಚಿನ ಪದರಗಳು ಒಂದಕ್ಕೊಂದು ಮೆತ್ತಿ ಆ ಭಾಗ ಮೇಲೇಳುವುದಿಲ್ಲ.
2. ಒಂದೊಂದು ಚೌಕದ ಮಧ್ಯಕ್ಕೆ 35 ಗ್ರಾಂ, ಅಂದರೆ ಒಂದೂವರೆ ದೊಡ್ಡ ಚಮಚ ಹೂರಣ. ಆಸೆಗೆ ಎರಡು ಚಮಚ ಹಾಕಿದರೆ ಬಾಯಿ ಬಿಡುವುದು ಗ್ಯಾರಂಟಿ.
3. ಎರಡು ಅಂಚಿಗೆ ಬೆರಳಿನಿಂದ ನೀರಿನ ತೆಳು ಗೆರೆ ಎಳೆದು ತ್ರಿಕೋನವಾಗಿ ಮಡಚಿ. ನೀರು ಹೆಚ್ಚಾದರೆ ಅಂಚು ಜಾರುತ್ತದೆ. ಹೂರಣದ ಪಕ್ಕದಿಂದ ಹೊರಕ್ಕೆ ಒತ್ತುತ್ತಾ ಬನ್ನಿ, ಒಳಗೆ ಗಾಳಿ ಸಿಕ್ಕಿಕೊಂಡರೆ ಅದೇ ಬಿಸಿಗೆ ಹಿಗ್ಗಿ ಹೊಲಿಗೆ ಒಡೆಯುತ್ತದೆ.
4. ಫೋರ್ಕಿನಿಂದ ಹೊರ ಅಂಚಿನ ಅರ್ಧ ಸೆಂಟಿಮೀಟರ್ ಮಾತ್ರ ಒತ್ತಿ. ಮೇಲೆ ಎರಡು ಸಣ್ಣ ಸೀಳು ಕೊಡಿ, ಆವಿ ಹೋಗಲು.
5. ತಟ್ಟೆಯಲ್ಲಿ ಜೋಡಿಸಿ ಫ್ರೀಜರಿನಲ್ಲಿ 15 ನಿಮಿಷ. ನಮ್ಮ ಸೆಕೆಗೆ ಈ ಹೆಜ್ಜೆ ಬಿಡುವ ಹಾಗೇ ಇಲ್ಲ.
6. ಸಕ್ಕರೆ ಹಾಲನ್ನು ಮೇಲ್ಮೈಗೆ ಮಾತ್ರ ಸವರಿ. ಕತ್ತರಿಸಿದ ಅಂಚಿಗೆ ಇಳಿದರೆ ಅದು ಗೋಂದಿನ ಕೆಲಸ ಮಾಡಿ ಪದರಗಳನ್ನು ಹಿಡಿದುಬಿಡುತ್ತದೆ.
7. 200 ಡಿಗ್ರಿಗೆ ಪೂರ್ತಿ ಕಾದ ಓವನ್ನಿನಲ್ಲಿ 22–25 ನಿಮಿಷ.

ಮೊಟ್ಟೆ ತಿನ್ನುವ ಮನೆಯಾದರೆ ಹಾಲಿನ ಬದಲು ಒಂದು ಮೊಟ್ಟೆಗೆ ಒಂದು ಚಮಚ ನೀರು ಕಲಸಿ ಸವರಬಹುದು, ಹೊಳಪು ಹೆಚ್ಚು. ಉಡುಪಿ ಕಡೆ ಚಾತುರ್ಮಾಸ್ಯದ ಕ್ಷೀರವ್ರತ (ಹಾಲು ಬಿಡುವ ವ್ರತ) ನಡೆಯುವ ಮನೆಯಲ್ಲಿ ಹಾಲೂ ಬೇಡವೆಂದಿದ್ದರೆ ಸಕ್ಕರೆ ಪಾಕವನ್ನು ತೆಳುವಾಗಿ, ಕೊನೆಯ ಐದು ನಿಮಿಷವಿರುವಾಗ ಸವರಿದರೆ ಬಣ್ಣ ಬರುತ್ತದೆ. ವ್ರತ ಹಿಡಿದವರು ಪ್ಯಾಕೆಟಿನ ಹಿಟ್ಟನ್ನು ಮುಟ್ಟುತ್ತಾರೋ ಎಂಬುದು ಬೇರೆ ಪ್ರಶ್ನೆ. ಇದು ಮನೆಯ ಮಕ್ಕಳಿಗೆ.

ತ್ರಿಕೋನದ ಬದಲು ಕರ್ಜಿಕಾಯಿ ಅಚ್ಚು ಬಳಸಬಹುದು, ಕ್ರಿಸ್ಮಸ್ ಕುಸ್ವಾರಿಗೆ (ಹಬ್ಬಕ್ಕೆ ಹಂಚುವ ತಿಂಡಿಗಳಿಗೆ) ನೆವ್ರಿ ಎಂಬ ಕರ್ಜಿಕಾಯಿ ಮಾಡುವ ಅದೇ ಅಚ್ಚು. ಒಳಗೆ ಮೈದಾ ಉದುರಿಸಿ, ಹಾಳೆಯನ್ನು ದುಂಡಗೆ ಕತ್ತರಿಸಿ ಇಟ್ಟು ಮುಚ್ಚಿ ಒತ್ತಿ. ಅಚ್ಚಿನ ಹಲ್ಲು ಅಂಚನ್ನು ಬಿಗಿಯಾಗಿ ಮುಚ್ಚುತ್ತದೆ, ರಸ ಸೋರುವ ಭಯವೇ ಇಲ್ಲ. ಬೆಲೆಯೂ ತೆರಬೇಕು: ಒತ್ತಿದ ಅಂಚು ಉಬ್ಬದೆ ಬಿಸ್ಕತ್ತಿನಂತೆ ಗಟ್ಟಿಯಾಗುತ್ತದೆ, ಹೊಟ್ಟೆ ಮಾತ್ರ ಪದರ ಬಿಚ್ಚುತ್ತದೆ. ಹತ್ತಾರು ಮಾಡಬೇಕಾದಾಗ ಅಚ್ಚು, ನಾಲ್ಕೈದೇ ಆದರೆ ಕೈ.

ಓವನ್ನಿನ ಕತೆ

ಪಫ್ ಉಬ್ಬುವುದು ಸೋಡಾದಿಂದಲ್ಲ, ಯೀಸ್ಟಿನಿಂದಲೂ ಅಲ್ಲ. ಹಿಟ್ಟಿನ ಪದರಗಳಲ್ಲಿರುವ ನೀರು ಒಮ್ಮೆಗೇ ಆವಿಯಾಗಿ ಮೇಲಿನ ಪದರವನ್ನು ಎತ್ತುತ್ತದೆ, ನಡುವಿನ ಕೊಬ್ಬು ಪದರಗಳು ಒಂದಾಗದಂತೆ ತಡೆಯುತ್ತದೆ. ಓವನ್ ಸಾಕಷ್ಟು ಕಾಯದಿದ್ದರೆ ಆವಿ ಏಳುವ ಮೊದಲೇ ಕೊಬ್ಬು ಕರಗಿ ತಟ್ಟೆಗೆ ಇಳಿಯುತ್ತದೆ. ತಟ್ಟೆಯಲ್ಲಿ ಎಣ್ಣೆಯ ಹೊಂಡ ಕಂಡರೆ ಹಿಟ್ಟಿನ ಕಂಪನಿಯನ್ನು ಬೈಯುವ ಮೊದಲು ಓವನ್ನಿನ ಕಾವನ್ನು ಅಳೆಯಿರಿ.

ಮನೆಯ ಒಟಿಜಿಗಳ (ಮೇಜಿನ ಮೇಲಿಡುವ ಸಣ್ಣ ಕರೆಂಟಿನ ಓವನ್) ಗುಂಡಿ ತೋರಿಸುವ ಅಂಕಿಗೂ ಒಳಗಿನ ಬಿಸಿಗೂ 20–30 ಡಿಗ್ರಿ ವ್ಯತ್ಯಾಸ ಇರುವುದು ಮಾಮೂಲು. ಒಳಗೆ ತೂಗುಹಾಕುವ ಸಣ್ಣ ಥರ್ಮಾಮೀಟರ್ ಒಂದಿದ್ದರೆ ಈ ತಲೆಬಿಸಿ ಮುಗಿಯುತ್ತದೆ. ಮೇಲಿನ ಕೆಳಗಿನ ಎರಡೂ ಕಂಬಿ ಉರಿಯಲಿ, ತಟ್ಟೆ ಮಧ್ಯದ ಮೆಟ್ಟಿಲಿನಲ್ಲಿರಲಿ, 15–20 ನಿಮಿಷ ಕಾಯಲಿ. ಫ್ಯಾನ್ ಇರುವ ಓವನ್ನಿನಲ್ಲಿ 180 ಸಾಕು. ಮೊದಲ 15 ನಿಮಿಷ ಬಾಗಿಲು ತೆರೆಯಬೇಡಿ; ಪದರಗಳು ಇನ್ನೂ ಹಸಿಯಾಗಿರುವಾಗ ಕಾವು ಇಳಿದರೆ ಕುಸಿದದ್ದು ಮತ್ತೆ ಏಳುವುದಿಲ್ಲ.

ತೆಳು ಹಳದಿ ಬಣ್ಣಕ್ಕೆ ತೆಗೆಯುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ನೋಡಲು ಆಗಿರುತ್ತದೆ, ಮುರಿದರೆ ಒಳಪದರ ಹಸಿ ಮೈದಾ. ಚೆನ್ನಾಗಿ ಹುರಿದ ಗೇರುಬೀಜದ ಕಂದು ಬರಬೇಕು, ಚಮಚದಿಂದ ಎತ್ತಿ ನೋಡಿದರೆ ತಳವೂ ಅದೇ ಬಣ್ಣಕ್ಕೆ ತಿರುಗಿರಬೇಕು. ಮೇಲೆ ಬೇಗ ಕಪ್ಪಾಗುತ್ತಿದ್ದರೆ ಫಾಯಿಲ್ ಹೊದಿಸಿ ಮುಂದುವರಿಸಿ. ಏರ್ ಫ್ರೈಯರಿನವರಿಗೆ: 180 ಡಿಗ್ರಿ, 12–14 ನಿಮಿಷ, ಒಂದೇ ಪದರದಲ್ಲಿ, ನಡುವೆ ಒಮ್ಮೆ ಮಗುಚಬೇಕು. ಬಣ್ಣ ಚೆನ್ನಾಗಿ ಬರುತ್ತದೆ, ಆದರೆ ಜೋರು ಗಾಳಿಗೆ ಮೇಲ್ಪದರ ಹಾರಿ ಓರೆಯಾಗುವುದುಂಟು.

ಅನಾನಸಿನ ತೆರೆದ ಟಾರ್ಟ್

ಮಡಚುವ ರಗಳೆ ಇಲ್ಲದ್ದು ಇದು, ಆದರೆ ಅನಾನಸು ನೀರಿನ ಕೊಡ. ಸಿಪ್ಪೆ, ಕಣ್ಣು, ನಡುವಿನ ದಿಂಡು ತೆಗೆದ 400 ಗ್ರಾಂ ಹಣ್ಣನ್ನು ಅರ್ಧ ಸೆಂಟಿಮೀಟರ್ ಚೂರು ಮಾಡಿ 80 ಗ್ರಾಂ ಸಕ್ಕರೆ ಬೆರೆಸಿ 30 ನಿಮಿಷ ಬಿಡಿ. ರಸವನ್ನು ಸೋಸಿ ಕುದಿಸಿ, ಹಣ್ಣು ಸೇರಿಸಿ, ಒಟ್ಟು ಸುಮಾರು 250 ಗ್ರಾಂಗೆ ಇಳಿಯುವ ತನಕ ಕಾಯಿಸಿ. ಒಂದೂವರೆ ಟೀ ಚಮಚ ಕಾರ್ನ್‌ಫ್ಲೋರ್ ಸಾಕು. ಏಲಕ್ಕಿ ಹಾಕಿದರೆ ಅನಾನಸು ಶೀರದ ಪರಿಮಳ. ಮೆಣಸ್ಕಾಯಿಯ (ಸಿಹಿ, ಹುಳಿ, ಖಾರ ಬೆರೆತ ಮೇಲೋಗರ) ರುಚಿ ಇಷ್ಟಪಡುವವರು ಏಲಕ್ಕಿ ಬಿಟ್ಟು ಕಾಲು ಟೀ ಚಮಚ ಕಾಳುಮೆಣಸಿನ ಪುಡಿ, ಒಂದು ಚಿಟಿಕೆ ಮೆಣಸಿನ ಪುಡಿ, ಎರಡು ಚಮಚ ಹುರಿದ ಎಳ್ಳು ಹಾಕಿ ನೋಡಿ. ಇದೇ ಹೆಚ್ಚು ಚೆಂದ.

ಅನಾನಸಿನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಪ್ರೋಟೀನನ್ನು ಒಡೆಯುತ್ತದೆ. ಕಾರ್ನ್‌ಫ್ಲೋರಿಗೆ ಅದರಿಂದ ತೊಂದರೆಯಿಲ್ಲ, ಹಾಲು–ಕೆನೆಗೆ ತೊಂದರೆ. ಹಸಿ ಅನಾನಸಿನ ಚೂರನ್ನು ಕೆನೆಯೊಂದಿಗೆ ಬಡಿಸಿದರೆ ಸ್ವಲ್ಪ ಹೊತ್ತಿಗೆ ಕಹಿಯಾಗಿ ಒಡೆಯುವುದು ಇದೇ ಕಾರಣಕ್ಕೆ. ಚೆನ್ನಾಗಿ ಕುದಿಸಿದರೆ ಕಿಣ್ವ ಸಾಯುತ್ತದೆ.

ಹಾಳೆಯನ್ನು ಕತ್ತರಿಸದೆ ಬೇಕಿಂಗ್ ಪೇಪರಿನ ಮೇಲಿಡಿ. ಅಂಚಿನಿಂದ 2 ಸೆಂಟಿಮೀಟರ್ ಒಳಗೆ ಸುತ್ತಲೂ ಚಾಕುವಿನ ಮೊನೆಯಿಂದ ಅರ್ಧ ಆಳಕ್ಕೆ ಗೆರೆ ಹಾಕಿ. ಗೆರೆಯ ಒಳಭಾಗವನ್ನು ಫೋರ್ಕಿನಿಂದ ಬಿಡದೆ ಚುಚ್ಚಿ. ಚುಚ್ಚಿದ ಕಡೆ ಆವಿ ಹೊರಟುಹೋಗಿ ಹಿಟ್ಟು ತಗ್ಗಿಯೇ ಇರುತ್ತದೆ, ಅಂಚು ಮಾತ್ರ ಎದ್ದು ಗೋಡೆ ಕಟ್ಟುತ್ತದೆ. ಒಳಭಾಗಕ್ಕೆ ಎರಡು ಚಮಚ ರಸ್ಕ್ ಪುಡಿ, ಎರಡು ಚಮಚ ತರಿತರಿ ಗೇರುಬೀಜದ ಪುಡಿ ಉದುರಿಸಿ. ಈ ಹಾಸು ಸೋರುವ ರಸವನ್ನು ಹೀರಿ ತಳವನ್ನು ಕಾಯುತ್ತದೆ. ರಸ್ಕ್ ಇಲ್ಲದಿದ್ದರೆ ಹುರಿದ ಚಿರೋಟಿ ರವೆಯಾದರೂ ಆದೀತು. ಮೇಲೆ ಹೂರಣ ತೆಳುವಾಗಿ ಹರವಿ, ಫ್ರೀಜರಿನಲ್ಲಿ 10 ನಿಮಿಷ ಇಡಿ.

ಓವನ್ ಕಾಯುವಾಗಲೇ ದಪ್ಪ ಲೋಹದ ತಟ್ಟೆಯೊಂದನ್ನು ಒಳಗೆ ಬೋರಲಾಗಿ ಇಟ್ಟು ಕಾಯಿಸಿ, ಪೇಪರ್ ಸಮೇತ ಟಾರ್ಟನ್ನು ಅದರ ಮೇಲೆ ಜಾರಿಸಿ. ತಳಕ್ಕೆ ತಕ್ಷಣ ಬಿಸಿ ತಾಗುತ್ತದೆ, ಒದ್ದೆಯಾಗಲು ಸಮಯವೇ ಸಿಗುವುದಿಲ್ಲ. 210 ಡಿಗ್ರಿಯಲ್ಲಿ 15 ನಿಮಿಷ, 190ಕ್ಕೆ ಇಳಿಸಿ ಇನ್ನು 12–15 ನಿಮಿಷ. ತೆಗೆದ ಕೂಡಲೇ ಜಾಲರಿಗೆ ವರ್ಗಾಯಿಸಿ. ತಟ್ಟೆಯಲ್ಲೇ ಬಿಟ್ಟರೆ ಕೆಳಗಿನ ಆವಿ ಗರಿಗರಿಯನ್ನೆಲ್ಲ ತಿಂದುಹಾಕುತ್ತದೆ.

ಸಮೋಸ ಪಟ್ಟಿಯಲ್ಲಿ ನೇಂದ್ರ ಬಾಳೆ

ಓವನ್ ಬೇಡ. ಸಿಪ್ಪೆಯಲ್ಲಿ ಕಪ್ಪು ಚುಕ್ಕಿ ಬಂದ ಎರಡು ನೇಂದ್ರ (ಸುಲಿದ ಮೇಲೆ 300 ಗ್ರಾಂ), ತುಪ್ಪ 1 ದೊಡ್ಡ ಚಮಚ, ತೆಂಗಿನ ತುರಿ ಅರ್ಧ ಕಪ್, ಪುಡಿ ಮಾಡಿದ ಬೆಲ್ಲ 3 ಚಮಚ, ಹುರಿದ ಎಳ್ಳು 1 ಚಮಚ, ಏಲಕ್ಕಿ ನಾಲ್ಕು. ಓಲೆಬೆಲ್ಲ (ತಾಳೆ ಬೆಲ್ಲ) ಇದ್ದರೆ ಅದನ್ನೇ ಹಾಕಿ.

ಮೊದಲು ತೆಂಗಿನ ತುರಿಯನ್ನು ಬರೀ ಬಾಣಲೆಯಲ್ಲಿ ಪಸೆ ಆರುವ ತನಕ ಹುರಿದು ತೆಗೆದಿಡಿ. ತುಪ್ಪದಲ್ಲಿ ಬಾಳೆಹಣ್ಣಿನ ಚೂರು ಬಾಡಿಸಿ, ಅರ್ಧಂಬರ್ಧ ಹಿಸುಕಿ, ಬೆಲ್ಲ ಹಾಕಿ. ಬೆಲ್ಲ ಕರಗಿದಾಗ ಎಲ್ಲ ನೀರಾದಂತೆ ಕಾಣುತ್ತದೆ, ಹೆದರಬೇಡಿ. ಮಗುಚುತ್ತಾ ಇದ್ದರೆ ಆರೇಳು ನಿಮಿಷದಲ್ಲಿ ಬಾಣಲೆ ಬಿಟ್ಟು ಬರುತ್ತದೆ. ಆಗ ತುರಿ, ಎಳ್ಳು, ಏಲಕ್ಕಿ ಹಾಕಿ ಇಳಿಸಿ. ಇದಕ್ಕೆ ಕಾರ್ನ್‌ಫ್ಲೋರ್ ಬೇಡ, ಬಾಳೆಯ ಪಿಷ್ಟವೇ ಸಾಕು. ಸುಮಾರು 18 ಸಮೋಸಕ್ಕಾಗುತ್ತದೆ.

ಪಟ್ಟಿಯ ಶತ್ರು ಗಾಳಿ. ಪ್ಯಾಕೆಟ್ ಒಡೆದ ಕೂಡಲೇ ಹಿಂಡಿದ ಒದ್ದೆ ಬಟ್ಟೆ ಮುಚ್ಚಿ, ಒಂದೊಂದೇ ಎಳೆದುಕೊಳ್ಳಿ. ಬಟ್ಟೆ ನೀರು ತೊಟ್ಟಿಕ್ಕುವಂತಿದ್ದರೆ ಪಟ್ಟಿಗಳು ಅಂಟಿ ಹೋಗುತ್ತವೆ. 2 ಚಮಚ ಮೈದಾಕ್ಕೆ 3 ಚಮಚ ನೀರು ಕಲಸಿ ಗೋಂದು ಮಾಡಿಟ್ಟುಕೊಳ್ಳಿ. ಪಟ್ಟಿಯ ತುದಿಯನ್ನು ಎರಡು ಸಲ ಓರೆಯಾಗಿ ಮಡಚಿದರೆ ಶಂಕುವಿನ ಜೇಬು ಬರುತ್ತದೆ. ಅದರಲ್ಲಿ ಒಂದು ಚಮಚ ಹೂರಣ ತುಂಬಿ, ಉಳಿದ ಪಟ್ಟಿಯನ್ನು ಸುತ್ತಿ, ಕೊನೆಗೆ ಗೋಂದು ಹಚ್ಚಿ. ಈಗ ಎತ್ತಿ ಬೆಳಕಿಗೆ ಹಿಡಿದು ಮೂರೂ ಮೂಲೆ ನೋಡಿ. ಕಿಂಡಿ ಕಂಡರೆ ಅಲ್ಲೊಂದು ಹನಿ ಗೋಂದು. ಬೆಲ್ಲದ ಹೂರಣ ಆ ಕಿಂಡಿಯಿಂದ ಎಣ್ಣೆಗೆ ಬಿದ್ದರೆ ಕರಟಿ ಎಣ್ಣೆ ಕಪ್ಪಾಗುತ್ತದೆ, ಆಮೇಲೆ ಬಿಟ್ಟ ಎಲ್ಲ ಸಮೋಸಕ್ಕೂ ಕರಕಲು ವಾಸನೆ.

ಎಣ್ಣೆ 170 ಡಿಗ್ರಿ. ಪಟ್ಟಿಯ ಚೂರು ಹಾಕಿದರೆ ಸ್ವಲ್ಪ ಇಳಿದು ಸಣ್ಣ ಗುಳ್ಳೆಗಳೊಂದಿಗೆ ಮೇಲೆ ಬರಬೇಕು. ಬಿದ್ದ ಕೂಡಲೇ ಕೆಂಪಾದರೆ ಉರಿ ಹೆಚ್ಚು. ಹೂರಣ ಬೆಂದೇ ಇದೆ, ನಮಗೆ ಬೇಕಾದದ್ದು ಪಟ್ಟಿ ಗರಿಯಾಗುವುದು. ನಾಲ್ಕೈದರಂತೆ ಹಾಕಿ 3–4 ನಿಮಿಷ ಕರಿದು, ಕಾಗದದ ಮೇಲೆ ನಿಲ್ಲಿಸಿ ಎಣ್ಣೆ ಇಳಿಸಿ. ಕರಿಯಲು ಮನಸ್ಸಿಲ್ಲದವರು ಎರಡೂ ಬದಿಗೆ ತುಪ್ಪ ಸವರಿ 190 ಡಿಗ್ರಿಯಲ್ಲಿ 12–15 ನಿಮಿಷ ಬೇಯಿಸಬಹುದು. ರುಚಿ ಸರಿ, ಮೈಯ ಗುಳ್ಳೆ ಬರುವುದಿಲ್ಲ.

ಪರೋಟ, ತುರ್ತಿಗೆ

ಫ್ರೀಜರಿನ ಮಲಬಾರ್ ಪರೋಟವನ್ನು ಐದು ನಿಮಿಷ ಹೊರಗಿಟ್ಟರೆ ಬಗ್ಗುತ್ತದೆ. ಅರ್ಧಭಾಗಕ್ಕೆ ಎರಡು ಚಮಚ ಸೇಬಿನ ಹೂರಣ, ಅಂಚಿಗೆ ಮೈದಾ ಗೋಂದು, ಮಡಚಿ ಒತ್ತಿ. ಪರೋಟದ ಮೈಯಲ್ಲಿ ಎಣ್ಣೆ ಇರುವುದರಿಂದ ಬರೀ ನೀರಿಗೆ ಅಂಟುವುದಿಲ್ಲ. ಕಾವಲಿ ಮಧ್ಯಮಕ್ಕಿಂತ ಕಡಿಮೆ ಉರಿಯಲ್ಲಿರಲಿ, ಮುಚ್ಚಳ ಹಾಕಿ ಒಂದೊಂದು ಬದಿ 3 ನಿಮಿಷ, ಕೊನೆಗೆ ಮುಚ್ಚಳ ತೆಗೆದು ಒಂದು ನಿಮಿಷ. ಪರೋಟದಲ್ಲೇ ಉಪ್ಪಿದೆ, ಹೂರಣಕ್ಕೆ ಹಾಕಬೇಡಿ. ಇದನ್ನು ಪೇಸ್ಟ್ರಿ ಎಂದು ಕರೆಯುವುದು ಅತಿಯಾದೀತು. ಬಿಸಿ ಇರುವಾಗ ಒಂದು ಉಂಡೆ ವೆನಿಲ್ಲಾ ಐಸ್‌ಕ್ರೀಮ್ ಇಟ್ಟು ಕೊಟ್ಟರೆ ಯಾರೂ ಹೆಸರು ಕೇಳುವುದಿಲ್ಲ. ಹತ್ತು ನಿಮಿಷ ಕಳೆದರೆ ಚರ್ಮವಾಗುತ್ತದೆ, ಆದ್ದರಿಂದ ಅತಿಥಿಗಳು ಕೂತ ಮೇಲೆಯೇ ಕಾವಲಿ ಇಡಿ.

ಮುಂಚಿತವಾಗಿ ಮಾಡಿಡುವುದು

ಬೆಂದ ಟರ್ನೋವರ್ ನಮ್ಮ ಹವೆಯಲ್ಲಿ ಮೂರು–ನಾಲ್ಕು ಗಂಟೆಗೆ ಮೆತ್ತಗಾಗುತ್ತದೆ. ಬಿಸಿಯಿರುವಾಗ ಡಬ್ಬಕ್ಕೆ ಹಾಕಿದರೆ ಅರ್ಧ ಗಂಟೆಯೂ ಬೇಡ. ಮೆತ್ತಗಾದದ್ದನ್ನು 170 ಡಿಗ್ರಿಯಲ್ಲಿ 6 ನಿಮಿಷ ಇಟ್ಟರೆ ಮತ್ತೆ ಗರಿಯಾಗುತ್ತದೆ. ಮೈಕ್ರೋವೇವ್ ಬೇಡ, ರಬ್ಬರ್ ಆಗುತ್ತದೆ.

ಹಬ್ಬಕ್ಕೆ ಬೇಕಾದರೆ ಹಸಿಯಾಗಿಯೇ ಕಟ್ಟಿ ಫ್ರೀಜ್ ಮಾಡಿ. ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ, ಕಲ್ಲಾದ ಮೇಲೆ ಚೀಲಕ್ಕೆ ತುಂಬಿದರೆ ಒಂದು ತಿಂಗಳು ಚೆನ್ನಾಗಿರುತ್ತದೆ. ಬೇಯಿಸುವಾಗ ಕರಗಿಸಬೇಡಿ, ಫ್ರೀಜರಿನಿಂದ ನೇರ 200 ಡಿಗ್ರಿಗೆ, ಐದು ನಿಮಿಷ ಹೆಚ್ಚು. ತುಂಬಿದ ಪಟ್ಟಿ ಸಮೋಸವೂ ಹೀಗೆಯೇ ನಡೆಯುತ್ತದೆ, ಆದರೆ ಕರಿಯುವಾಗ ಮೇಲಿನ ಹಿಮ ಒರೆಸಿ, ಇಲ್ಲವಾದರೆ ಎಣ್ಣೆ ಸಿಡಿಯುತ್ತದೆ. ಅನಾನಸಿನ ಟಾರ್ಟನ್ನು ಮಾತ್ರ ಕಟ್ಟಿಡಬೇಡಿ. ಹೂರಣವನ್ನು ಎರಡು ದಿನ ಮೊದಲೇ ಮಾಡಿ ಫ್ರಿಜ್ಜಿನಲ್ಲಿಟ್ಟುಕೊಂಡು, ಹಾಳೆಯ ಮೇಲೆ ಹರವುವುದನ್ನು ಬೇಯಿಸುವ ಹೊತ್ತಿಗೆ ಮಾಡಿ.

ಕತ್ತರಿಸಿ ಉಳಿದ ಪಫ್ ಚೂರುಗಳನ್ನು ಉಂಡೆ ಕಟ್ಟಿ ಲಟ್ಟಿಸಬೇಡಿ, ಪದರ ಸತ್ತುಹೋಗುತ್ತದೆ. ಒಂದರ ಮೇಲೊಂದು ಜೋಡಿಸಿ ಮೆಲ್ಲಗೆ ಒತ್ತಿ, ಪಟ್ಟಿಗಳಾಗಿ ಕತ್ತರಿಸಿ, ಸಕ್ಕರೆ ಉದುರಿಸಿ ಅದೇ ಓವನ್ನಿನ ಕೊನೆಯ ಕಾವಿಗೆ 12–15 ನಿಮಿಷ ಇಟ್ಟರೆ ಸಂಜೆಯ ಚಹಾಕ್ಕೆ ಸಿಹಿ ಖಾರಿ ಬಿಸ್ಕತ್ತು ಸಿದ್ಧ.